ಮರಳಿನ ಮೇಲೆ ಕೂರಿಸಿ ಸೀಟು ಹೊಲಿಯುವ ಲೋಲಾಕ್ಷಿ

ಠಾಕುರ್ಲಿಯಲ್ಲಿ ಇನ್ನೂ ಕಾಗೆಗಳೇ ಎದ್ದಿರುವುದಿಲ್ಲ, ಲೋಲಾಕ್ಷಿ ಆಗಲೇ ಅರ್ಧ ಕಾರಿನೊಳಗೆ ಹೋಗಿರುತ್ತಾರೆ. ಸ್ಟೇಷನ್ನಿನ ಪೂರ್ವಕ್ಕೆ, ಅತ್ತಿಯ ಮರಕ್ಕೆ ಟಾರ್ಪಾಲು ಕಟ್ಟಿ ಮಾಡಿದ ಶೆಡ್ಡು. ತೆರೆದ ಬಾಗಿಲಿನಿಂದ ಹೊರಗೆ ಚಾಚಿದ ಎರಡು ಕಾಲು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಹಲ್ಲಿನ ನಡುವೆ ಟಾರ್ಚು. ನೋಡಿದವರು, ಈ ಕಾರು ಒಬ್ಬ ಹೆಂಗಸನ್ನು ನುಂಗುತ್ತಿದೆ, ಇನ್ನು ಕಾಲಷ್ಟೇ ಬಾಕಿ ಎಂದುಕೊಳ್ಳಬೇಕು. ಒಳಗೆ ಸ್ಪ್ಯಾನರು ಕಿರುಗುಟ್ಟುತ್ತದೆ, ಬೋಲ್ಟುಗಳು ಒಂದೊಂದಾಗಿ ಹೊರಗೆ ಉರುಳುತ್ತವೆ. ಹಿಂದೆಯೇ ಡ್ರೈವರ್ ಸೀಟನ್ನು ಕೂಸಿನ ಹಾಗೆ ಎದೆಗವಚಿಕೊಂಡು ಲೋಲಾಕ್ಷಿ ಹೊರಬರುತ್ತಾರೆ.

"ಮಿಸ್ತ್ರಿ ಎಲ್ಲಿ?"

ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಮರಾಠಿಯವರು ಮರಾಠಿಯಲ್ಲಿ, ಹಿಂದಿಯವರು ಹಿಂದಿಯಲ್ಲಿ, ನಮ್ಮವರು ಕನ್ನಡದಲ್ಲಿ. ಪ್ರಶ್ನೆ ಮಾತ್ರ ಒಂದೇ. ಲೋಲಾಕ್ಷಿ ಸೀಟನ್ನು ಕೆಳಗಿಟ್ಟು, ಟಾರ್ಪಾಲಿನ ಹಿಂದೆ ಇಣುಕಿ, ಮರದ ಕೊಂಬೆಯನ್ನೂ ಒಮ್ಮೆ ನೋಡಿ ಹೇಳುತ್ತಾರೆ: "ನಾನೂ ಬೆಳಿಗ್ಗೆಯಿಂದ ಅವನನ್ನೇ ಹುಡುಕುದು ಮಾರಾಯ್ರೆ. ಸಿಕ್ಕಿದ್ರೆ ಕಳಿಸಿ, ಇಲ್ಲಿ ರಾಶಿ ಕೆಲಸ ಉಂಟು."

ಕೆಲಸವೇನು ಎಂದರೆ ಮುದಿ ಕಾರುಗಳಿಗೆ ಮರ್ಯಾದೆ ತಂದುಕೊಡುವುದು. ಇಂಜಿನ್ನಿಗೆ ಅವರು ಕೈ ಹಾಕುವುದಿಲ್ಲ. ಅದಕ್ಕೆ ಪಕ್ಕದ ಗ್ಯಾರೇಜಿದೆ. ಕಲ್ಯಾಣದಿಂದ ಠಾಣೆಗೆ, ಡೊಂಬಿವಿಲಿಯಿಂದ ವಾಶಿಗೆ ದಿನಾ ಓಡಿ ಓಡಿ ಲಕ್ಷಗಟ್ಟಲೆ ಕಿಲೋಮೀಟರು ನುಂಗಿದ ಕಾರಿನಲ್ಲಿ ಮನುಷ್ಯ ಕೂರುವುದು ಹೇಗೆ, ಅಷ್ಟೇ ಅವರ ಚಿಂತೆ. ಕುಸಿದ ಸೀಟಿನ ಫೋಮು ತೆಗೆದು, ಅಡಿಗೆ ಒತ್ತಾದ ತೆಂಗಿನ ನಾರು, ಮೇಲೆ ಗಟ್ಟಿ ಫೋಮು, ಅದರ ಮೇಲೆ ತೆಳುವಾಗಿ ಮೆತ್ತನೆಯದು. ಬಾಗಿಲಿನ ರಬ್ಬರು ಸತ್ತಿದ್ದರೆ ಹೊಸದು. ಡ್ಯಾಶ್‌ಬೋರ್ಡು ಕಟಕಟ ಎನ್ನುತ್ತಿದ್ದರೆ ಸಂದಿಗೆ ಮಖಮಲ್ಲಿನ ಪಟ್ಟಿ. ಅವರ ಕೈಯಿಂದ ಹೊರಟ ಕಾರಿನಲ್ಲಿ ಕೂತವರು ಶಿಳ್‌ಫಾಟಾ ರಸ್ತೆಯ ಹೊಂಡದೊಳಗೆ ಇಳಿದರೂ, ಹೊಂಡಕ್ಕೇ ಪೆಟ್ಟಾಯಿತೇನೋ ಎಂದು ತಿರುಗಿ ನೋಡುತ್ತಾರಂತೆ.

ಮೂಡುಬಿದಿರೆಯ ಕಡೆಯಿಂದ ಮದುವೆಯಾಗಿ ಬಂದಾಗ ಲೋಲಾಕ್ಷಿಗೆ ಕಾರಿನ ಬಾಗಿಲು ತೆರೆಯಲೂ ಬರುತ್ತಿರಲಿಲ್ಲ. ಗಂಡ ದಯಾನಂದ ಡೊಂಬಿವಿಲಿಯ ಹೋಟೆಲಿನಲ್ಲಿ ಇಡ್ಲಿ ಹಿಟ್ಟಿನ ಯಜಮಾನ. ಆ ಹೋಟೆಲಿನ ಹರಿದ ಬೆಂಚುಗಳಿಗೆ ತೇಪೆ ಹಾಕಿದ್ದೇ ಲೋಲಾಕ್ಷಿಯ ಮೊದಲ ಪಾಠ. ಆಮೇಲೆ ಉಲ್ಹಾಸನಗರದ ಒಂದು ಅಂಗಡಿಯಲ್ಲಿ ವರ್ಷಗಟ್ಟಲೆ ಸೀಟಿನ ಕವರು ಹೊಲಿದರು. ಅಲ್ಲಿ ಎಲ್ಲ ಬೆನ್ನಿಗೂ ಒಂದೇ ಅಳತೆ. "ರವಿಕೆಗೆ ಅಳತೆ ತೆಗಿತಾರೆ, ಚಪ್ಪಲಿಗೆ ಅಳತೆ ತೆಗಿತಾರೆ. ದಿನಕ್ಕೆ ಮೂರು ಗಂಟೆ ಕೂರುವ ಜಾಗಕ್ಕೆ ಎಂತ ಅಳತೆ ಬೇಡ್ವಾ?" ಎಂದು ಕೇಳಿದ್ದಕ್ಕೆ ಅಂಗಡಿಯ ಸೇಠ ನಕ್ಕನಂತೆ. ಆ ನಗು ಕೇಳಿಸಿಕೊಂಡೇ ಅವರು ಠಾಕುರ್ಲಿಗೆ ಬಂದು ಟಾರ್ಪಾಲು ಕಟ್ಟಿದ್ದು.

ಅಳತೆ ತೆಗೆಯುವ ಕ್ರಮವನ್ನು ನೋಡಿಯೇ ನಂಬಬೇಕು. ಅಗಲವಾದ ಮರದ ತಟ್ಟೆ, ಅದರ ತುಂಬ ಒದ್ದೆ ಮರಳು, ಮೇಲೊಂದು ಪಂಚೆ. ಅದರ ಮೇಲೆ ಕಾರಿನವರು ಕೂರಬೇಕು. "ಊಟಕ್ಕೆ ಕೂತ ಹಾಗಲ್ಲ, ಸ್ಟೀರಿಂಗ್ ಹಿಡಿದ ಹಾಗೆ" ಎಂದು ಅಪ್ಪಣೆಯಾಗುತ್ತದೆ. ಟೈ ಕಟ್ಟಿದ ಬೆಂಗಳೂರಿನ ಕಂಪ್ಯೂಟರಿನವರು ಬೆಳಗಾಗೆದ್ದು ಮರಳ ಮೇಲೆ ಕೂತು, ಗಾಳಿಯಲ್ಲಿ ಗೇರು ಹಾಕುವ ಚಂದ ನೋಡಲಿಕ್ಕೆ ಹಾಲಿನವನು ಸೈಕಲ್ಲು ನಿಲ್ಲಿಸುತ್ತಾನೆ. ಎದ್ದ ಮೇಲೆ ಮರಳಿನಲ್ಲಿ ಗುರುತು ಉಳಿಯುತ್ತದೆ. ಬಲಗಡೆ ಹೆಚ್ಚು ತಗ್ಗಿದ್ದರೆ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪಾಕೀಟಿದೆ ಎಂದು ಅರ್ಥ. ಮುಂದೆ ತಗ್ಗಿದ್ದರೆ ಆಸಾಮಿಗೆ ಅವಸರ.

ಇಷ್ಟು ಬಲ್ಲ ಲೋಲಾಕ್ಷಿಗೇ ಮರಳು ಒಮ್ಮೆ ಮೋಸ ಮಾಡಿದ ಕಥೆ ಸುಬ್ಬಲಕ್ಷ್ಮಿಯವರದ್ದು.

ಸುಬ್ಬಲಕ್ಷ್ಮಿ ಮೈಸೂರಿನವರು, ಠಾಕುರ್ಲಿಯ ವಾಸ, ಬೇಲಾಪುರದ ಆಫೀಸಿನಲ್ಲಿ ನೌಕರಿ. ನಿವೃತ್ತಿಗೆ ಇನ್ನು ಎರಡು ವರ್ಷ. ಗಂಡ ಅನಂತರಾಮರಿಗೆ ಕಣ್ಣಿನ ಕಾಯಿಲೆ ಬಂದು, ನೇರಕ್ಕೆ ಕಂಡರೂ ಪಕ್ಕಕ್ಕೆ ಕಾಣದಾಯಿತು. ಕಾರು ಬಿಡುವ ಹಾಗಿಲ್ಲ ಎಂದರು ಡಾಕ್ಟರು. ಐವತ್ತು ದಾಟಿದ ಮೇಲೆ ಸುಬ್ಬಲಕ್ಷ್ಮಿಯೇ ಕಲಿತು, ಅದೇ ಬಿಳಿ ಕಾರಿನಲ್ಲಿ ಬೇಲಾಪುರಕ್ಕೆ ಓಡಾಡುತ್ತಿದ್ದಾರೆ. ಈಚೆಗೆ ಸೊಂಟ ಮಾತು ಕೇಳುತ್ತಿಲ್ಲ. ಎಡಗಾಲು ಕ್ಲಚ್ಚು ತುಳಿದಾಗಲೆಲ್ಲ ಜುಮ್ಮೆನ್ನುತ್ತದೆ. ರೈಲಿಗೆ ಹೋಗೋಣವೆಂದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಹಿಂದೊಮ್ಮೆ ಆ ನೂಕುನುಗ್ಗಲಿನಲ್ಲಿ ಅವರು ಪನ್ವೇಲಿಗೆ, ಅವರ ಚಪ್ಪಲಿ ವಾಶಿಗೆ ಹೋಗಿತ್ತು.

"ನೋಡಮ್ಮಾ ಲೋಲಾಕ್ಷಿ, ಇದೇ ಕೊನೇ ಸಲ ಕಣೆ," ಎಂದರು ಮೊದಲ ದಿನವೇ. "ಈ ಸೀಟು ಸರಿಹೋದ್ರೆ ಕಾರು, ಕೆಲಸ ಎರಡೂ ಉಳಿಯತ್ತೆ. ಇಲ್ಲಾಂದ್ರೆ ಕಾರು ಮಾರ್ಬಿಟ್ಟು ವಿಆರ್‌ಎಸ್ ತಗೊಂಡು ಮನೇಲಿ ಹುರುಳಿಕಾಯಿ ಬಿಡಿಸ್ತೀನಿ."

"ಹುರುಳಿಕಾಯಿ ಎಲ್ಲಿಗೂ ಓಡಿ ಹೋಗುದಿಲ್ಲ ಅಕ್ಕಾ. ಮೊದಲು ಮರಳಲ್ಲಿ ಕೂರಿ."

"ಈ ವಯಸ್ಸಲ್ಲಿ ಮರಳಾಟವೇನೇ!" ಎನ್ನುತ್ತಲೇ ಕೂತರು. ಗುರುತು ತಕ್ಕಡಿಯ ಹಾಗೆ ಸಮನಾಗಿತ್ತು. ಕೂರುವವರಲ್ಲಿ ತಪ್ಪಿಲ್ಲ, ತಪ್ಪೆಲ್ಲ ಸೀಟಿನದ್ದೇ ಎಂದು ಲೋಲಾಕ್ಷಿ ತೀರ್ಪು ಕೊಟ್ಟರು.

ಆ ಸೀಟಾದರೂ ಎಂಥದ್ದು! ಮೇಲೆ ಮರದ ಮಣಿಯ ಚಾಪೆ. ಅದರಡಿ ಮಡಿಸಿದ ಟರ್ಕಿ ಟವೆಲ್ಲು. ಅದರಡಿ ಹೂವಿನ ಕವರು, ಅದರಡಿ ರೆಕ್ಸಿನ್ನಿನ ಕವರು. ಬಿಚ್ಚಿದಷ್ಟೂ ಇನ್ನೊಂದು. ಕೊನೆಗೆ ಸಿಕ್ಕಿದ್ದು ಷೋರೂಮಿನ ಪ್ಲಾಸ್ಟಿಕ್ಕು, ಹೊಸದರ ಹಾಗೆ ಪರಪರ ಎನ್ನುತ್ತ. ಜೊತೆಗೆ ಬಂದಿದ್ದ ಅನಂತರಾಮರು ಎದೆಯುಬ್ಬಿಸಿ, "ನಾನೇ ತೆಗೀಬೇಡ ಅಂದಿದ್ದು. ಹೊಸದು ಹೊಸದಾಗೇ ಇರ್ಲಿ ಅಂತ" ಎಂದರು.

"ಇರ್ಲಿ ರಾಯರೇ. ನಿಮ್ಮ ಸೀಟು ಇನ್ನೂ ಷೋರೂಮಲ್ಲೇ ಉಂಟು, ಕಾರೊಂದೇ ಇಲ್ಲಿವರೆಗೆ ಓಡಿ ಬಂತು," ಎಂದರು ಲೋಲಾಕ್ಷಿ.

ಸೀಟು ಹಿಂದೆ ಮುಂದೆ ಸರಿಯುತ್ತಲೂ ಇರಲಿಲ್ಲ. ಅದು ಜಾರುವ ಅಡಿಯ ಹಳಿಯ ಸಂದಿಯಲ್ಲಿ ಸಿಕ್ಕಿಬಿದ್ದಿದ್ದು ಒಂದು ಕೊಡುಬಳೆ. ಯಾವ ಕಾಲದ್ದೋ, ಹಳೆಯ ಊರು ಅಗೆದು ತೆಗೆಯುವವರಿಗೆ ಕೊಟ್ಟಿದ್ದರೆ ರಾಜವಂಶದ ಹೆಸರು ಹೇಳುತ್ತಿದ್ದರು. ಸುತ್ತಿಗೆಯಿಂದ ಹೊಡೆದರೂ ಪುಡಿಯಾಗಲಿಲ್ಲ. ಅದನ್ನು ಎಬ್ಬಿಸಿ, ಹಳಿಗೆ ಗ್ರೀಸು ಬಳಿದು, ನಾರು ಫೋಮು ತುಂಬಿ, ಸೊಂಟದ ಹತ್ತಿರ ಅಂಗೈಯಷ್ಟು ಉಬ್ಬು ಕೊಟ್ಟು ಹೊಲಿದರು. ಪಕ್ಕದ ಗ್ಯಾರೇಜಿನವನಿಂದ ಕ್ಲಚ್ಚಿನ ಕೇಬಲ್ಲನ್ನೂ ಬದಲಿಸಿದರು. ಕಾರು ಹೊಸ ಮದುಮಗಳಂತೆ ಸದ್ದಿಲ್ಲದೆ ಮನೆಗೆ ಹೋಯಿತು.

ವಾರ ಕಳೆಯುವಷ್ಟರಲ್ಲಿ ಸುಬ್ಬಲಕ್ಷ್ಮಿ ಸೊಂಟಕ್ಕೆ ಕೈಕೊಟ್ಟುಕೊಂಡು ಮರದಡಿ ನಿಂತಿದ್ದರು. ನೋವು ಹಾಗೇ ಇದೆ. ಸೋಮವಾರ ಆಫೀಸಿನಲ್ಲಿ ವಿಆರ್‌ಎಸ್ ಕೇಳಿಬಿಡುತ್ತೇನೆ ಎಂದರು.

ಕೊಟ್ಟ ಕಾರು ತಿರುಗಿ ಬಂದದ್ದು ಅದೇ ಮೊದಲು. ರಾತ್ರಿ ಮನೆಯಲ್ಲಿ ಲೋಲಾಕ್ಷಿ ಅದನ್ನೇ ಹೇಳಿದರು. "ನನ್ನ ಹಿಟ್ಟು ಹುಳಿ ಬರ್ತದೆ, ಸರಿ. ನಿನ್ನ ಸೀಟು ಎಂತಕ್ಕೆ ಹುಳಿ ಬಂತು?" ಎಂದು ದಯಾನಂದ ಕೆಣಕಿದರೆ, "ನೀವು ಸುಮ್ಮನೆ ಕೂರಿ, ಇಲ್ಲದಿದ್ರೆ ನಿಮ್ಮನ್ನೇ ಒಳಗೆ ಹಾಕಿ ಹೊಲಿತೇನೆ" ಎಂದು ಹಾಯ್ದರು. ಸಿಟ್ಟು ಗಂಡನ ಮೇಲಲ್ಲ. ಮರಳು ಸುಳ್ಳು ಹೇಳಿತೇ? ಇಲ್ಲ ತನಗೇ ಓದಲು ಬರಲಿಲ್ಲವೇ?

ಮರುದಿನ ಬೆಳಕು ಹರಿಯುವ ಮುಂಚೆ ಅವರು ಸುಬ್ಬಲಕ್ಷ್ಮಿಯ ಬಿಲ್ಡಿಂಗಿನ ಗೇಟಿನಲ್ಲಿ ಹಾಜರು. "ಬೇಲಾಪುರದವರೆಗೆ ನಾನೂ ಬರ್ತೇನೆ ಅಕ್ಕಾ."

ಸುಬ್ಬಲಕ್ಷ್ಮಿ ಬಾಗಿಲು ತೆಗೆದು ಕೂತರು. ಬೇಲಾಪುರದವರೆಗೆ ಹೋಗುವುದೇ ಬೇಕಾಗಲಿಲ್ಲ. ಅಂಗೈಯಷ್ಟು ಉಬ್ಬು ಕೊಟ್ಟು ಹೊಲಿದ ಸೀಟು ಹಿಂದೆಲ್ಲೋ ಇದೆ, ಸುಬ್ಬಲಕ್ಷ್ಮಿಯ ಬೆನ್ನು ಗೇಣುದ್ದ ಮುಂದಿದೆ. ಸೀಟಿನ ತುದಿಯಲ್ಲಿ, ತಂತಿಯ ಮೇಲಿನ ಗುಬ್ಬಿಯ ಹಾಗೆ ಕೂತು, ಎಡಗಾಲನ್ನು ಚಾಚಿ ಚಾಚಿ ಕ್ಲಚ್ಚು ಹುಡುಕುತ್ತಿದ್ದಾರೆ.

"ಇದೆಂತ ಅಕ್ಕಾ! ಸೀಟು ಇಷ್ಟು ಹಿಂದೆ ಯಾಕೆ? ನಾನು ನಿಮ್ಮ ಅಳತೆಗೆ ಮುಂದೆ ತಂದು ಕೊಟ್ಟದ್ದಲ್ವಾ?"

"ಸಂಜೆ ನಮ್ಮೆಜಮಾನ್ರು ಬಂದು ಕೂತ್ಕೋತಾರೆ ಕಣೆ. ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೋ ಹಾಕ್ಕೊಂಡು, ಸ್ಟೀರಿಂಗ್ ಹಿಡ್ಕೊಂಡು ಒಂದರ್ಧ ಗಂಟೆ. ಅವರ ಕಾಲು ಉದ್ದ ಅಲ್ವಾ, ಹಿಂದಕ್ಕೆ ತಳ್ಕೋತಾರೆ."

"ತಳ್ಳಲಿ. ಬೆಳಿಗ್ಗೆ ನೀವು ಎಳ್ಕೊಳ್ಳಿ. ಈಗ ಕೊಡುಬಳೆ ಇಲ್ಲ, ಬೆರಳಲ್ಲಿ ಎಳೆದ್ರೆ ಬರ್ತದೆ."

ಸುಬ್ಬಲಕ್ಷ್ಮಿ ಇಂಜಿನ್ನು ಆರಿಸಿದರು. "ಎಳ್ಕೊಂಡ್ರೆ ಸಂಜೆ ಅವ್ರಿಗೆ ಗೊತ್ತಾಗತ್ತೆ. ಯಜಮಾನ್ರು ಕೂತ ಜಾಗ, ನಾನು ಸರಿಸಿದೆ ಅಂತಾಗತ್ತೆ. ಕಣ್ಣು ಹೋದ್ಮೇಲೆ ಅವ್ರಿಗೆ ಅಂತ ಉಳಿದಿರೋದು ಅದೊಂದೇ ಜಾಗ ಕಣೆ ಲೋಲಾಕ್ಷಿ. ನಾನು ಹ್ಯಾಗೋ ಅಡ್ಜಸ್ಟ್ ಮಾಡ್ಕೋತೀನಿ."

ಗಂಡನ ಜಾಗ ಕದಲಿಸಬಾರದೆಂದು ಸೊಂಟವನ್ನೇ ಬಲಿ ಕೊಟ್ಟ ಹೆಂಗಸು! ಲೋಲಾಕ್ಷಿ ಬಗ್ಗಿ ಸೀಟಿನಡಿಯ ಹಳಿಯ ತೂತುಗಳನ್ನು ಬೆರಳಿನಿಂದ ಎಣಿಸಿದರು. ಆಮೇಲೆ ಹೇಳಿದರು: "ಭಾನುವಾರ ಕಾರು ತನ್ನಿ. ಏನಾದ್ರೂ ಹಾಳಾದ್ರೆ ಲೋಲಾಕ್ಷಿ ಹಾಳು ಮಾಡಿದ್ಳು ಅಂತ ಹೇಳಿ. ಬೈಗುಳ ನನಗಿರಲಿ."

ಭಾನುವಾರ ಅವರು ಸೀಟನ್ನು ಸುಬ್ಬಲಕ್ಷ್ಮಿಯ ಕಾಲಿಗೆ ಸರಿಯಾಗಿ ಮುಂದೆ ತಂದು, ಹಳಿಯ ತೂತಿಗೆ ಒಂದು ಬೋಲ್ಟು ಬಿಗಿದರು. ಇನ್ನು ಆ ಸೀಟನ್ನು ಆನೆ ತಳ್ಳಿದರೂ ಹಿಂದೆ ಹೋಗದು.

ಅಂದುಕೊಂಡ ಹಾಗೆಯೇ ಸೋಮವಾರ ಬೆಳಿಗ್ಗೆ, ಹೆಂಡತಿ ಕಾರು ತೆಗೆದುಕೊಂಡು ಹೋದ ಬೆನ್ನಿಗೆ, ಅನಂತರಾಮರು ರಿಕ್ಷಾ ಹಿಡಿದು ಬಂದರು. "ಏನಮ್ಮ ಇದು? ನಿನ್ನೆ ಸಂಜೆ ಕೂರೋಕೆ ಹೋದ್ರೆ ಮಂಡಿ ಸ್ಟೀರಿಂಗಿಗೆ ಬಡಿಯತ್ತೆ! ನನ್ನ ಕಾರಲ್ಲಿ ನನಗೇ ಜಾಗ ಇಲ್ವಾ?"

"ಉಂಟು ರಾಯರೇ, ನಿಮ್ಮ ಜಾಗ ಇಲ್ಲಿ ಉಂಟು," ಎಂದು ಲೋಲಾಕ್ಷಿ ಟಾರ್ಪಾಲು ಸರಿಸಿದರು.

ಒಳಗೊಂದು ಕುರ್ಚಿ. ಉಲ್ಹಾಸನಗರದ ಗುಜರಿಯಿಂದ ಅದೇ ಜಾತಿಯ ಕಾರಿನ ಸೀಟಿನ ಚೌಕಟ್ಟು ಹುಡುಕಿ ತಂದು, ಸಾಗುವಾನಿಯ ಕಾಲು ಕೊಟ್ಟು, ಅವರದೇ ಹಳೆಯ ಸೀಟಿನ ಬಟ್ಟೆ ಹೊದಿಸಿ ಹೊಲಿದದ್ದು. ಎತ್ತರ ರಾಯರ ಮಂಡಿಗೆ ಸರಿಯಾಗಿ. ಮೇಲೆ ಷೋರೂಮಿನ ಅದೇ ಪ್ಲಾಸ್ಟಿಕ್ಕು, ಒಂದು ಸುಕ್ಕೂ ಇಲ್ಲದೆ. ಅನಂತರಾಮರು ಕೂತರು. ಪ್ಲಾಸ್ಟಿಕ್ಕು ಪರಪರ ಎಂದಿತು. ಬೆರಳಿಂದ ಅದನ್ನು ಸವರಿದರು. ಕಾಲು ತಾವಾಗಿಯೇ ಚಾಚಿಕೊಂಡವು, ಕೈ ತಾವಾಗಿಯೇ ಮೇಲೆದ್ದವು. ಆಗ ಅವರಿಗೆ ನೆನಪಾಯಿತು.

"ಅಲ್ಲಮ್ಮ, ಸ್ಟೀರಿಂಗೆಲ್ಲಿ?"

"ಅದು ಸುಬ್ಬಕ್ಕನ ಕೈಲುಂಟು ರಾಯರೇ."

ಅನಂತರಾಮರು ಎತ್ತಿದ ಕೈಗಳನ್ನು ಇಳಿಸಿ ಮಂಡಿಯ ಮೇಲಿಟ್ಟರು. ಆಮೇಲೆ ಕೇಳಿದ್ದು ಒಂದೇ: "ಅವ್ಳ ಸೊಂಟಕ್ಕೆ ಇಷ್ಟು ದಿನ ನನ್ನ ಸೀಟೇನಾ ಕಾಟ ಕೊಟ್ಟಿದ್ದು?" ಲೋಲಾಕ್ಷಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಂತೆ ನಟಿಸಿದರು. ಕುರ್ಚಿ ಅದೇ ರಿಕ್ಷಾದಲ್ಲಿ, ರಾಯರ ತೊಡೆಯ ಮೇಲೆ ಕೂತು ಮನೆಗೆ ಹೋಯಿತು.

ಈಗ ಆ ಕುರ್ಚಿ ಬಾಲ್ಕನಿಯಲ್ಲಿದೆ, ಗೇಟಿಗೆ ನೇರವಾಗಿ. ನೇರಕ್ಕಂತೂ ರಾಯರಿಗೆ ಕಾಣುತ್ತದೆ. ಬೆಳಿಗ್ಗೆ ಬಿಳಿ ಕಾರು ಹೊರಡುವಾಗ ಅಲ್ಲಿಂದಲೇ "ಎಡಕ್ಕೆ, ಎಡಕ್ಕೆ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ. ಸುಬ್ಬಲಕ್ಷ್ಮಿ ಬಲಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ವಿಆರ್‌ಎಸ್ಸಿನ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ. ಹುರುಳಿಕಾಯಿ ಬಿಡಿಸುವುದು ರಾಯರ ಪಾಲಿಗೆ ಬಂದಿದೆ, ಅದೇ ಕುರ್ಚಿಯಲ್ಲಿ ಕೂತು.

ಲೋಲಾಕ್ಷಿ ಮಾತ್ರ ಇಂದಿಗೂ ಮನೆಗೆ ಹೋಗುವುದು ಶೇರ್ ರಿಕ್ಷಾದಲ್ಲಿ, ಡ್ರೈವರನ ಪಕ್ಕದ ತುಂಡು ಜಾಗದಲ್ಲಿ, ಅರ್ಧ ಒಳಗೆ ಅರ್ಧ ರಸ್ತೆಯ ಮೇಲೆ. ಊರವರ ಬೆನ್ನನ್ನೆಲ್ಲ ಕಾಯುವವರಿಗೆ ಒಂದು ಪೂರ್ತಿ ಸೀಟು ಬೇಡವೇ ಎಂದರೆ ನಗುತ್ತಾರೆ. "ನನಗೆ ಕಾರೆಲ್ಲ ಬೇಡ ಮಾರಾಯ್ರೆ. ಆ ರಿಕ್ಷಾದ ತುಂಡು ಜಾಗ ಉಂಟಲ್ಲ, ಅದನ್ನೊಮ್ಮೆ ನನ್ನ ಕೈಗೆ ಕೊಡ್ಲಿ. ಅಲ್ಲಿ ಕೂತವರು ಇಳಿಲಿಕ್ಕೇ ಒಪ್ಪಬಾರದು, ಹಾಗೆ ಮಾಡಿ ಕೊಡ್ತೇನೆ."

ಮೊನ್ನೆ ಬೆಳಿಗ್ಗೆ ಒಂದು ಹಳೆಯ ನೀಲಿ ಕಾರು ಮರದಡಿ ಬಂದು ನಿಂತಿತು. ಇಳಿದ ದಪ್ಪ ಮನುಷ್ಯ, ಅನಂತರಾಮ ರಾಯರು ಕಳಿಸಿದರು ಎಂದ. ಪಕ್ಕದ ಕಾರಿನೊಳಗಿಂದ ಚಾಚಿದ್ದ ಲೋಲಾಕ್ಷಿಯ ಎರಡು ಕಾಲು ಅಲುಗಾಡದೆ ಕಾದವು. ಈಗ ಕೇಳುತ್ತಾನೆ, ಮಿಸ್ತ್ರಿ ಎಲ್ಲಿ ಎಂದು. ಕೊಂಬೆ ನೋಡಲು ಲೋಲಾಕ್ಷಿ ತಯಾರಾಗಿಯೇ ಇದ್ದರು.

ಅವನು ಹಿಂದಿನ ಜೇಬಿನ ಪಾಕೀಟು ತೆಗೆದು ಬಾನೆಟ್ಟಿನ ಮೇಲಿಟ್ಟ, ಪ್ಯಾಂಟು ಮೇಲೆಳೆದುಕೊಂಡ.

"ಅಮ್ಮಾ," ಎಂದ, "ಮರಳೆಲ್ಲಿ?"