ಕಿಟಕಿಬಾಯಿ

ಕಂಕನಾಡಿಯ ಧೂಳಿಗೆ ಸರ್ವಸಮಭಾವ ಸಿದ್ಧಿಸಿದೆ ಎಂದು ನಾನು ನಂಬಿದ್ದೆ. ನಮ್ಮ ಫ್ಲ್ಯಾಟಿನಲ್ಲಿ ಅದು ಟಿ.ವಿ.ಯ ಮೇಲೂ, ಯೇಸುವಿನ ಪಟದ ಮೇಲೂ, ನಾನು ಗಲ್ಫಿನಿಂದ ಹೊತ್ತು ತಂದು ಇನ್ನೂ ಬಿಚ್ಚದ ಡಿನ್ನರ್ ಸೆಟ್ಟಿನ ಮೇಲೂ ಯಾವ ಭೇದಭಾವವೂ ಇಲ್ಲದೆ ಬಂದು ಕೂರುತ್ತದೆ. ಆದರೆ ಮಗಳು ಅನಿಶಾಳ ಕೋಣೆಯ ಕಿಟಕಿಯ ಕಟ್ಟೆಯಲ್ಲಿ ಮಾತ್ರ ಧೂಳಿರಲಿಲ್ಲ. ಇದು ನನ್ನ ಕಣ್ಣಿಗೆ ಬಿದ್ದುದಕ್ಕೆ ಕಾರಣ ಸೂಕ್ಷ್ಮದೃಷ್ಟಿಯೇನಲ್ಲ. ಒರೆಸುವುದಕ್ಕೆ ರೋಗಿಗಳು ಸಿಗದೆ ಕುರ್ಚಿಮೇಜುಗಳನ್ನು ಒರೆಸುತ್ತ ತಿರುಗುವ ನಿವೃತ್ತ ನರ್ಸಿನ ಗೀಳು, ಅಷ್ಟೆ.

ಆ ಕಟ್ಟೆಯ ಮೇಲೆ ಒಂದು ಗಿಡ್ಡ ಮೇಣದಬತ್ತಿ, ಹಳೆಯ ರೇನ್‌ಕೋಟಿನಿಂದ ಕತ್ತರಿಸಿದ ಹಳದಿ ತುಂಡು, ಪುಟ್ಟ ಸ್ಟೀಲಿನ ಬಟ್ಟಲಿನಲ್ಲಿ ಒಂದಿಷ್ಟು ಒಣಸಿಗಡಿ. ಬೆಕ್ಕಿಗೆ ಇಟ್ಟಿದ್ದಿರಬೇಕು ಎಂದುಕೊಂಡೆ. ನಮ್ಮಲ್ಲಿ ಬೆಕ್ಕೇ ಇಲ್ಲ ಎಂಬುದು ನೆನಪಾಗುವಷ್ಟರಲ್ಲಿ ಸಿಗಡಿಯನ್ನು ಕಾಗೆಗೆ ಎಸೆದಾಗಿತ್ತು.

ಅನಿಶಾ ಪಣಂಬೂರಿನ ಒಂದು ಹಡಗು ಸಾಗಣೆ ಕಂಪೆನಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದವಳೇ ಖಾಲಿ ಬಟ್ಟಲು ಹಿಡಿದು ನನ್ನ ಮುಂದೆ ನಿಂತಳು.

"ಮಮ್ಮಿ, ಇದರಲ್ಲಿದ್ದದ್ದು ಎಂತ ಮಾಡಿದೆ?"

"ಕಾಗೆಗೆ ಹಾಕಿದೆ. ಯಾರಿಗೆ ಇಟ್ಟದ್ದು ಅದು?"

"ಕಿಟಕಿಬಾಯಿಗೆ."

"ಅದ್ಯಾರು?"

ಅವಳು ನನ್ನನ್ನು ನೋಡಿದ ರೀತಿಯನ್ನು ಹೇಗೆ ಹೇಳಲಿ? ವಾರ್ಡಿನಲ್ಲಿ ಸ್ವಂತ ಮಗಳನ್ನೇ ಗುರುತಿಸದ ಮುದುಕಿಯರನ್ನು ಅವರ ಮಕ್ಕಳು ಹಾಗೆ ನೋಡುವುದನ್ನು ಕಂಡಿದ್ದೇನೆ. ಆಮೇಲೆ ಬಟ್ಟಲು ಅಲ್ಲೇ ಇಟ್ಟು ಮುಖ ತೊಳೆಯಲು ಹೋದಳು.

ವಿವರ ಸಿಕ್ಕಿದ್ದು ಭಾನುವಾರ, ಪೂಜೆ ಮುಗಿಸಿ ನಾನೊಬ್ಬಳೇ ಇಗರ್ಜಿಯಿಂದ ಬಂದ ಮೇಲೆ. ಅವಳಿಗೊಂದು ಗೆಳೆಯರ ಗುಂಪುಂಟಂತೆ. ವಾರಕ್ಕೊಮ್ಮೆ ಉಳ್ಳಾಲದ ಕಡಲ ಬದಿಯಲ್ಲಿ ಸೇರುತ್ತಾರಂತೆ. ತಮ್ಮನ್ನು ಪೇಗನ್ನರು ಎಂದು ಕರೆದುಕೊಳ್ಳುತ್ತಾರಂತೆ. ಧರ್ಮೋಪದೇಶದ ತರಗತಿಯಲ್ಲಿ ಬೆಚ್ಚಿ ಕೇಳಿದ್ದ ಆ ಶಬ್ದ ನನ್ನ ಮನೆಯ ಕಿಟಕಿಯಲ್ಲೇ ವಾಸ ಮಾಡುತ್ತಿತ್ತೆಂದರೆ! ಗಾಳಿ, ನೀರು, ಚಂದ್ರರಿಗೆ ನಮಿಸುವ ಹಳೆಯ ಆರಾಧನೆಗೆ ಹೊಸಬರು ಕೊಟ್ಟ ರೂಪವಂತೆ ಅದು. ಅದರಲ್ಲಿ ಪುರಾಣದ ದೇವತೆಯೇ ಬೇಕೆಂದಿಲ್ಲ. ಕಾದಂಬರಿಯ ಪಾತ್ರವೂ ಆಗುತ್ತದೆ. ಒಬ್ಬ ಗೆಳೆಯ ಯಾವುದೋ ಕಥೆಯ ಪತ್ತೇದಾರನನ್ನು ಧ್ಯಾನಿಸುತ್ತಾನೆ. ಇನ್ನೊಬ್ಬಳು ಇಂಟರ್‌ವ್ಯೂಗೆ ಮುಂಚೆ ವಿಡಿಯೋ ಗೇಮಿನ ಖಡ್ಗಧಾರಿಣಿಗೆ ದೀಪ ಹಚ್ಚುತ್ತಾಳೆ.

"ಅದೆಲ್ಲ ಸುಳ್ಳು ಅಂತ ಗೊತ್ತಿದ್ದೂ?" ಎಂದೆ.

"ಸುಳ್ಳಲ್ಲ, ಕಲ್ಪನೆ. ನಮ್ಮೊಳಗೆ ಇರುವ ಧೈರ್ಯಕ್ಕೆ ಮುಖ ಇಲ್ಲ ಮಮ್ಮಿ. ಒಂದು ಮುಖ ಕೊಟ್ಟು ಕರೆದರೆ ಅದು ಎದ್ದು ಬರ್ತದೆ. ಕೆಲವೊಮ್ಮೆ ಗುಂಪಿನಲ್ಲಿ ಒಬ್ಬರು ಆ ಪಾತ್ರವೇ ಆಗಿ ಮಾತಾಡ್ತಾರೆ."

ಕೆಳಗಿನ ಮನೆಯ ಸುಮತಿಯಕ್ಕನಿಗೆ ಇದನ್ನು ಹೇಳಿದಾಗ ಆ ತುಳುನಾಡಿನ ಹೆಂಗಸು ಸ್ವಲ್ಪವೂ ಬೆರಗಾಗಲಿಲ್ಲ. "ಮೈಮೇಲೆ ಬರುವುದು ನಮಗೆ ಹೊಸತಾ ಮಾರಾಯ್ತಿ? ಆದ್ರೆ ಇಷ್ಟು ದೈವಗಳಿರುವ ಊರಿನಲ್ಲಿ ನಿನ್ನ ಮಗಳಿಗೆ ಒಂದೂ ಸಾಕಾಗಲಿಲ್ವಾ? ಈ ಬಾಯಿಯನ್ನು ಎಲ್ಲಿಂದ ತಂದಳು, ಕೇಳು."

ಕೇಳಿದೆ. ಅನಿಶಾ ನಗಲಿಲ್ಲ. "ನಿನ್ನಿಂದಲೇ," ಎಂದಳು.

ಗಂಡ ತೀರಿಕೊಂಡ ಮೇಲೆ ಆಗತಾನೇ ಶಾಲೆ ಸೇರಿದ್ದ ಅವಳನ್ನು ಉಳ್ಳಾಲದಲ್ಲಿ ನನ್ನ ಅಮ್ಮನ ಬಳಿ ಬಿಟ್ಟು ನಾನು ಗಲ್ಫಿಗೆ ಹೋಗಿದ್ದೆ. ಒಂದು ಸಲ ಫೋನಿನಲ್ಲಿ ಅವಳು, ಕಿಟಕಿಯಲ್ಲಿ ಯಾರೋ ಇದ್ದಾರೆ ಎಂದು ಅತ್ತಿದ್ದಳಂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದ ನಾನು ಬಾಯಿಗೆ ಬಂದದ್ದು ಹೇಳಿದ್ದೆನಂತೆ: ಇದ್ದಾಳೆ, ಅವಳ ಹೆಸರು ಕಿಟಕಿಬಾಯಿ, ಹಳದಿ ರೇನ್‌ಕೋಟು ಹಾಕಿ ಕಾಲು ಹೊರಗೆ ಇಳಿಬಿಟ್ಟು ಕೂರುತ್ತಾಳೆ, ಮಕ್ಕಳ ಹೆದರಿಕೆಯೇ ಅವಳ ಗಂಜಿ, ನೆಂಜಿಕೊಳ್ಳಲಿಕ್ಕೆ ಒಣಸಿಗಡಿ. ಬಾಯಿಗೆ ಬಂದವಳು, ಆದ್ದರಿಂದಲೇ ಬಾಯಿ! ನನಗೆ ಇದರಲ್ಲಿ ಒಂದಕ್ಷರವೂ ನೆನಪಿರಲಿಲ್ಲ. ಲೈನು ಕಟ್ಟಾಗಿರಬೇಕು, ನಾನು ಡ್ಯೂಟಿಗೆ ಮರಳಿರಬೇಕು. ಆದರೆ ಆ ಹೆಂಗಸು ಕಿಟಕಿಯಲ್ಲೇ ಉಳಿದುಬಿಟ್ಟಿದ್ದಳು.

ಉಳಿದು ಏನೆಲ್ಲ ಮಾಡಿದ್ದಳು! ಅನಿಶಾ ಗಣಿತದಲ್ಲಿ ಫೇಲಾದಾಗ ಟೀಚರಿಗೆ ಬೈದಿದ್ದಳು. ದೊಡ್ಡವಳಾದ ದಿನ, ಅಜ್ಜಿಗೆ ಹೇಳಲು ನಾಚಿದ್ದನ್ನು ಮೊದಲು ಕೇಳಿಸಿಕೊಂಡವಳು ಅವಳೇ. ನನ್ನ ಅಮ್ಮ ತೀರಿಕೊಂಡಾಗ, ನಾನು ರಜೆ ಸಿಕ್ಕಿ ವಿಮಾನ ಹತ್ತಿ ತಲುಪುವವರೆಗೂ ಹುಡುಗಿಯ ಜೊತೆಗಿದ್ದವಳೂ ಅವಳೇ. ಮಗಳು ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ಪ್ರತಿ ರಜೆಯಲ್ಲಿ ಚಾಕಲೇಟು ಹಂಚಿ ಹೋಗುತ್ತಿದ್ದ ನನಗೆ ಯಾರೂ ಹೇಳದ ಬಾಲ್ಯ ಅದು. ಇಲ್ಲದ ಒಬ್ಬಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಜೊತೆಗೆ, ಆ ಕಟ್ಟೆಯ ಮೇಲೆ ಒಂದೇ ಒಂದು ಸಂಜೆಯಾದರೂ ಅವಳ ಬದಲಿಗೆ ನಾನು ಕೂತಿರಬಾರದಿತ್ತೇ ಎಂಬ ಹಂಬಲ. ಮರುದಿನ ಸುಮ್ಮನೆ ಮಾರ್ಕೆಟಿಗೆ ಹೋಗಿ ಒಳ್ಳೆಯ ಒಣಸಿಗಡಿ ತಂದು ಬಟ್ಟಲು ತುಂಬಿಸಿಟ್ಟೆ.

ಕಳೆದ ತಿಂಗಳು ಅನಿಶಾಳ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡು ಆಪರೇಷನ್ ನಿಶ್ಚಯವಾಯಿತು. ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಮಂಚದ ಬಳಿ ನಿಂತು, ಎಲ್ಲೆಲ್ಲಿ ತೂತು ಕೊರೆಯುತ್ತಾರೆ, ಗ್ಯಾಸ್ ಹೇಗೆ ತುಂಬಿಸುತ್ತಾರೆ ಎಂದು ನಾನು ಸವಿಸ್ತಾರವಾಗಿ ಧೈರ್ಯ ತುಂಬುತ್ತಿದ್ದೆ. ತುಂಬಿದಷ್ಟೂ ಅವಳ ಮುಖ ಬಿಳಿಚಿಕೊಂಡಿತು.

"ನರ್ಸ್ ಬೇಡ ಮಮ್ಮಿ," ಎಂದಳು. "ಅವಳಾಗು."

"ನನಗೆ ಬರುವುದಿಲ್ಲ."

"ಹುಟ್ಟಿಸಿದವಳು ನೀನೇ ಅಲ್ವಾ?"

ಸುತ್ತ ನೋಡಿದೆ. ಪಕ್ಕದ ಮಂಚದವರು ಮಲಗಿದ್ದರು. ಮೂರು ಪ್ರಾರ್ಥನೆ ಒಟ್ಟಿಗೆ ನೆನಪಾಗಿ ಒಂದೂ ಬಾಯಿಗೆ ಬರಲಿಲ್ಲ. ಕಿಟಕಿಯ ಕಟ್ಟೆಗೆ ಒರಗಿ, "ಹುಡುಗಿ, ಹೆದರಿಕೆ ಎಷ್ಟುಂಟು?" ಎಂದೆ.

"ಇನ್ನೂ ಜೋರು. ಅವಳಿಗೆ ಮರ್ಯಾದೆ ಇಲ್ಲ."

"ಏ ಹುಡುಗಿ! ಹೆದರಿಕೆ ಎಷ್ಟುಂಟು ಹೇಳು! ನಾನೂ ನಿನ್ನ ಹಾಗೆ ಬೆಳಿಗ್ಗೆಯಿಂದ ಉಪವಾಸ. ಎಲ್ಲ ಇಲ್ಲಿ ಹಾಕು, ಒಣಸಿಗಡಿ ನಾನೇ ತಂದಿದ್ದೇನೆ!"

ಅವಳು ನಕ್ಕಳು. ಆಮೇಲೆ ಕಣ್ಣು ಮುಚ್ಚಿ ನನ್ನ ಬೆರಳು ಹಿಡಿದುಕೊಂಡು, ನಾನು ಫೋನಿನಲ್ಲೂ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಕಿಟಕಿಬಾಯಿ, ಮಮ್ಮಿ ಯಾವಾಗ ಬರ್ತಾಳೆ?"

ಇಲ್ಲೇ ಇದ್ದೇನಲ್ಲ ಮಗಾ ಎಂದು ತಬ್ಬಿಕೊಳ್ಳಬಹುದಿತ್ತು. ಆದರೆ ಪ್ರಶ್ನೆ ನನಗಾಗಿರಲಿಲ್ಲ. ನನ್ನನ್ನು ಕೇಳಲಾಗದೆಯೇ ಅವಳು ಅದನ್ನು ಇಷ್ಟು ವರ್ಷ ಕಿಟಕಿಯನ್ನು ಕೇಳಿದ್ದಳು.

"ಬಂದಾಯ್ತು," ಎಂದೆ, ಕಿಟಕಿಬಾಯಿಯ ಒರಟು ದನಿ ಬಿಡದೆ. "ತುಂಬ ತಡ ಮಾಡಿದಳು, ಆದ್ರೆ ಬಂದಾಯ್ತು. ಹೊರಗೆ ಬೆಂಚಿನಲ್ಲಿ ಕೂರ್ತಾಳೆ."

"ವಾಪಸ್ ಹೋಗ್ತಾಳಾ?"

"ಇಲ್ಲ. ಹೋದರೆ ಅವಳನ್ನೇ ತಿಂತೇನೆ."

ಸ್ಟ್ರೆಚರು ಬಂತು. ಜೀವಮಾನವಿಡೀ ಆಪರೇಷನ್ ಥಿಯೇಟರಿನ ಬಾಗಿಲಿನ ಒಳಗಿದ್ದವಳು ಮೊದಲ ಬಾರಿಗೆ ಹೊರಗೆ ಬೆಂಚಿನ ಮೇಲೆ ಕೂತೆ. ಸುಮತಿಯಕ್ಕ ಬಂದು ಕ್ಯಾಂಟೀನಿಗೆ ಕರೆದಳು, ನಾನು ಏಳಲಿಲ್ಲ. ಮಾತು ಕೊಟ್ಟವಳು ಕಿಟಕಿಬಾಯಿ, ನಡೆಸಿಕೊಡಬೇಕಾದವಳು ನಾನು. ಬಾಗಿಲು ತೆರೆದು ಅನಿಶಾಳನ್ನು ಹೊರತಂದಾಗ ಅವಳಿನ್ನೂ ಅರೆಮಂಪರಿನಲ್ಲಿದ್ದಳು. ಕಣ್ಣು ಪೂರ್ತಿ ತೆರೆಯಲಾಗದಿದ್ದರೂ ತಲೆ ಹೊರಳಿಸಿ, ಮೊದಲು ಬೆಂಚಿನ ಕಡೆ ನೋಡಿದಳು.