ಸ್ಥಿರಾಂಕಗಳ ದೊರೆ

ತೀರ್ಥಹಳ್ಳಿಯಲ್ಲಿ ಶಾಲಾ ಬಸ್ಸುಗಳಿಗೆ ಸಾಫ್ಟ್‌ವೇರ್ ಬರೆಯುವ ಉಮಾಮಹೇಶ್ವರರ ರಾಜ್ಯದಲ್ಲಿ ಬದಲಾಗದ ಅಂಕಿಗಳೆಲ್ಲ ಒಂದೇ ಫೈಲಿನಲ್ಲಿ, ತಂತಮ್ಮ ಹೆಸರು ಹೊತ್ತು ವಾಸಿಸಬೇಕು. ಕೋಡಿನ ನಡುವೆ ಬರೀ ಅಂಕಿಯೊಂದು ಕಂಡರೆ ಕವಲೇದುರ್ಗದ ಕೋಟೆಗೆ ಶತ್ರು ನುಗ್ಗಿದಂತೆ, "ಯಾರದಿದು ಅನಾಥ ಎರಡು?" ಎಂದು ಗರ್ಜಿಸುತ್ತಾರೆ. ಮನೆಯಲ್ಲೂ ಕತ್ತರಿ ತೂಗುಹಾಕಲು ಒಂದೇ ಮೊಳೆ. ತಪ್ಪಿದರೆ ಹೆಂಡತಿಗೂ ವಿಚಾರಣೆ. ಹೊಸದಾಗಿ ಕೆಲಸಕ್ಕೆ ಸೇರಿದ ಗಾನವಿ ಮೊನ್ನೆ ಕೂಗಿದಳು: "ಸರ್, ಎಲ್ಲಾ ಸ್ಟಾಪಲ್ಲೂ ಬಸ್ಸು ಕಾಯೋದು ಫೈಲಲ್ಲಿರೋ ಎರಡೇ ನಿಮಿಷ. ಗುಡ್ಡದ ಸ್ಟಾಪಿಗೆ ಮಾತ್ರ ಯಾರೋ ಕೋಡಲ್ಲೇ ಐದು ಅಂತ ಬರ್ದಿದಾರೆ! ಫೈಲಿಗೆ ಹಾಕ್ಲಾ?" ದೊರೆ ಮೆಲ್ಲಗೆ ಬಾಗಿಲು ಹಾಕಿದರು. "ನಾನೇ ಬರ್ದಿದ್ದು. ಫೈಲು ಶಾಲೆಯವ್ರು ನೋಡ್ತಾರೆ, ಕಂಡ್ರೆ ಎರಡು ಮಾಡಿಸ್ತಾರೆ. ಅಲ್ಲಿ ಒಂದನೇ ಕ್ಲಾಸಿನ ಪ್ರೇರಣಾ ಊರುಗೋಲಲ್ಲಿ ಹತ್ತಿ ಬರ್ಬೇಕು ಮಾರಾಯ್ತಿ. ಎತ್ಕೊಳ್ಳೋಕೆ ಹೋದ್ರೆ ಕಚ್ತಾಳೆ!"