ಮೂರನೇ ಉಂಗುರದ ಗೆರೆ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ ಶುರುಮಾಡಿದರೆ ಎದ್ದುಹೋಗುತ್ತಿದ್ದೆ. ಈಗ ನನ್ನದನ್ನೇ ಹೇಳಲು ಕೂತಿದ್ದೇನೆ, ನೀವು ನಕ್ಕರೆ ನಗಿ.

ಅಬುಧಾಬಿಯ ಒಂದು ಕಂಪನಿಯಲ್ಲಿ ನಾನು ನಕ್ಷೆ ಬರೆಯುವವಳು. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ರಸ್ತೆ ಸೇತುವೆಯ ನಕ್ಷೆ ಬರೆಯುವ ಕೆಲಸ ಬಂತು. ವಿಕ್ಟೋರಿಯಾ ರಾಣಿಯ ಕಾಲದ್ದು, ಇನ್ನೂ ಲಾರಿಗಳು ಓಡಾಡುವಂಥದ್ದು. ಎರಕದ ಕಬ್ಬಿಣದ ಒಂದೇ ಕಮಾನು. ಕಮಾನಿಗೂ ರಸ್ತೆಗೂ ನಡುವೆ, ಎಡಬಲ ಎರಡೂ ಕಡೆ, ದೊಡ್ಡದರಿಂದ ಸಣ್ಣದಕ್ಕೆ ಬಳೆ ಜೋಡಿಸಿಟ್ಟ ಹಾಗೆ ಕಬ್ಬಿಣದ ಉಂಗುರಗಳು. ಚೆಂದಕ್ಕೆ ಇಟ್ಟದ್ದಲ್ಲ, ರಸ್ತೆಯ ಭಾರವೆಲ್ಲ ಅವುಗಳ ಮೇಲೆಯೇ.

ಅಲ್ಲಿಯ ಎಂಜಿನಿಯರುಗಳು ಸೇತುವೆಯನ್ನು ಅಳೆದು ಕಳಿಸಿದ ಸ್ಕ್ಯಾನಿನಲ್ಲಿ ಎಡಭಾಗ ಸ್ಪಷ್ಟವಿತ್ತು, ಬಲಭಾಗವನ್ನು ಬಳ್ಳಿ ಮುಚ್ಚಿತ್ತು. ನಮ್ಮ ಮ್ಯಾನೇಜರ್ ಹುಬ್ಬಳ್ಳಿಯವರು. "ಎಡಗಡೆದ್ದ ಮಿರರ್ ಮಾಡಿ ಹಚ್ಚು, ಖಲಾಸ್" ಎಂದರು. ಕಾಣದ್ದನ್ನು ಕಂಡಂತೆ ಬರೆಯಲು ಮನಸ್ಸಿರಲಿಲ್ಲ. ಆದರೂ ಎಡಭಾಗವನ್ನೇ ಕನ್ನಡಿಬಿಂಬದಂತೆ ತಿರುಗಿಸಿ ಬಲಕ್ಕೂ ಬರೆದೆ.

ಮರುದಿನ ಫೈಲ್ ತೆರೆದರೆ ಬಲಭಾಗದ ಮೂರನೇ ಉಂಗುರದಲ್ಲಿ ಒಂದು ಸೊಟ್ಟ ಗೆರೆ. ಎಡಭಾಗದಲ್ಲಿ ಅದಿರಲಿಲ್ಲ. ಕೈತಪ್ಪಿ ಬಿದ್ದಿರಬೇಕೆಂದು ಅಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಅದೇ ಗೆರೆ, ಅದೇ ಜಾಗ. ಈ ಸಲ ಮ್ಯಾನೇಜರ್ ಕಣ್ಣಿಗೇ ಬಿತ್ತು.

"ಏನವಾ ಇದು? ಇಲ್ಲದ ಬಿರುಕು ಯಾಕ ತೋರಸ್ತಿ?"

"ನಾನು ಹಾಕಿದ್ದಲ್ಲ ಮಾರಾಯ್ರೇ!"

"ಮತ್ತ ನಿಮ್ಮಜ್ಜ ಬಂದು ಹಾಕಿದ್ನೇನು? ತಗಿ ಅದನ್ನ."

ಇಡೀ ಆಫೀಸಿನ ಎದುರು ಹಾಗೆಂದರು. ಸಿಟ್ಟು ನೆತ್ತಿಗೇರಿತ್ತು, ಆದರೂ ಅಳಿಸಿದೆ.

ಸೋಮವಾರ ಗೆರೆ ಮತ್ತೆ ಬಂದಿತ್ತು. ಫೈಲಿನ ದಾಖಲೆ ತೆಗೆದು ನೋಡಿದೆ. ಶನಿವಾರ ಬೆಳಿಗ್ಗೆ, ನನ್ನದೇ ಕಂಪ್ಯೂಟರಿನಲ್ಲಿ, ನನ್ನದೇ ಹೆಸರಿನಲ್ಲಿ ಎಳೆದದ್ದು. ಅಂದು ವಾರದ ರಜೆ, ಆಫೀಸಿಗೆ ಬೀಗ ಬಿದ್ದಿತ್ತು. ನಾನು ಗಂಡನ ಜೊತೆ ಅಲ್ ಮೀನಾದ ಮಾರುಕಟ್ಟೆಯಲ್ಲಿ ಅಂಜಲ್ ಮೀನಿಗೆ ಚೌಕಾಶಿ ಮಾಡುತ್ತಿದ್ದೆ. ನಿಜಕ್ಕೂ ಹೆದರಬೇಕಿತ್ತು, ನನಗೆ ಬಂದದ್ದು ಕೋಪ. ನನ್ನ ಹೆಸರಿಟ್ಟುಕೊಂಡು ಆಟವಾಡುವುದು ಯಾರು? ಅಳಿಸಲಿಲ್ಲ. ಬಲಭಾಗ ನಮಗೆ ಕಂಡೇ ಇಲ್ಲ, ಮೂರನೇ ಉಂಗುರ ಪರೀಕ್ಷಿಸಿ ಎಂದು ಬರೆದು ಇಂಗ್ಲೆಂಡಿಗೆ ಕಳಿಸಿಯೇಬಿಟ್ಟೆ. ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆಂದು ಮ್ಯಾನೇಜರ್ ಹಾರಾಡಿದರು.

ಅಲ್ಲಿಯವರು ಬಳ್ಳಿ ಕಿತ್ತು ನೋಡಿ ಫೋಟೋ ಕಳಿಸಿದರು. ಬಿರುಕು ಅಲ್ಲೇ ಇತ್ತು, ಅದೇ ಸೊಟ್ಟ ಆಕಾರದಲ್ಲಿ. ಆವತ್ತೇ ಸೇತುವೆ ಮುಚ್ಚಿದರು. "ನಮ್ಮ ಟೀಮಿನ ಕಣ್ಣು ಭಾಳ ಚುರುಕು" ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಎದೆಯುಬ್ಬಿಸಿದರು. ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಆದರೆ ಅವರೊಬ್ಬರನ್ನೇ ಬೈದರೆ ನನ್ನ ಕೋಪ ತೀರುವುದಿಲ್ಲ. ಗೆರೆ ಮೊದಲು ಕಂಡಂದಿನಿಂದ ಸೇತುವೆ ಮುಚ್ಚುವವರೆಗೆ ಲಾರಿಗಳು, ಶಾಲೆಯ ಬಸ್ಸುಗಳು ಆ ಉಂಗುರದ ಮೇಲೆಯೇ ಹಾದುಹೋಗಿವೆ. ಗೆರೆ ಎಳೆದದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಎರಡು ಸಲ ಅಳಿಸಿದ್ದು ಮಾತ್ರ ನಾನೇ.